ಕುರಿ ಕಟ್ಟಿ ಕೊಂಡ ನೆಟ್‌ವರ್ಕ್: ನನ್ನ ಅನುಭವ

ಹತ್ತು ವಿದ್ಯಾರ್ಥಿಗಳು, ಐದು ಕಂಪ್ಯೂಟರ್, ತಿಂಗಳಿಗೆ ತಲಾ 250 ರೂಪಾಯಿಯ ಕುರಿ, ಎಂದರೆ ಚೀಟಿ. 1995–96ರ ಸುಮಾರಿಗೆ ಕಾಸರಗೋಡಿನ ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಲ್ಯಾಂಟಾಸ್ಟಿಕ್ ಎಂಬ ಸಾಫ್ಟ್‌ವೇರ್ ಹಾಕಿದ್ದು ಹೀಗೆ. "ಕುರಿ ಕಟ್ಟಿ ಚಿನ್ನ ಕೊಳ್ಳಬಹುದು, ಫ್ಲಾಪಿ ಕೊಳ್ಳುವುದುಂಟೇ? ಆಟಿ ತಿಂಗಳು ಕಳೆಯುವ ಮೊದಲು ಜಗಳ" ಎಂದವರೇ ಹೆಚ್ಚು. ಜಗಳ ಆದದ್ದು ಹೌದು. ನೆಟ್‌ವರ್ಕ್ ನಿಂತದ್ದು ಮಾತ್ರ ಇಲ್ಲ.

ಆಗಿನ ಲೆಕ್ಕ, ಅದೂ ಅಂದಾಜಿನದು. ಸಾಫ್ಟ್‌ವೇರಿನ ಪರವಾನಗಿ ಯಂತ್ರಕ್ಕೊಂದು, ಒಂದಕ್ಕೆ 4,000ದ ಆಸುಪಾಸು, ಒಟ್ಟು 20,000. ಎನ್‌ಇ2000 ನಮೂನೆಯ ನೆಟ್‌ವರ್ಕ್ ಕಾರ್ಡು 1,200ರಂತೆ ಐದು. ಆರ್‌ಜಿ-58 ಕೇಬಲ್ 40 ಮೀಟರ್, ಕೇಬಲ್ ತುದಿಗೆ ಹಾಕುವ ಬಿಎನ್‌ಸಿ ಪ್ಲಗ್, ಟಿ ಆಕಾರದ ಕವಲು, ಚಿಲ್ಲರೆ ಸೇರಿ 2,000ದೊಳಗೆ. ಕೇಬಲ್, ಕಾರ್ಡು ಎಲ್ಲ ಮಂಗಳೂರಿನಿಂದಲೇ. ಕೇರಳ ಗಡಿಯ ತಲಪಾಡಿ ದಾಟುವಾಗ ಬಿಲ್ಲು ಕೈಯಲ್ಲೇ ಇರಬೇಕಿತ್ತು.

ಮೊದಲ ತಪ್ಪು: ಹಣ ಕೂಡಿದ ಕೂಡಲೇ ಐದೂ ಕಾರ್ಡು ತಂದದ್ದು. ಸಾಫ್ಟ್‌ವೇರಿಗೆ ದುಡ್ಡಾಗುವಷ್ಟರಲ್ಲಿ ಕಾರ್ಡಿನ ಬೆಲೆ ಇಳಿದಿತ್ತು. ಎರಡು ಕಾರ್ಡು, ಎರಡು ಪರವಾನಗಿ ತಂದು ಓಡಿಸಿ ನೋಡಿ, ಉಳಿದದ್ದು ಆಮೇಲೆ ತರಬೇಕು. ಆ ನಡುವೆ ಕಾಯಲಾರದೆ ಯಾರದೋ ಪ್ರತಿ ಮಾಡಿದ ಫ್ಲಾಪಿ ಹಾಕಿದೆವು, ಅದರ ಜೊತೆ ಜೋಶಿ ವೈರಸ್ ಬಂತು. ಜನವರಿ 5ರಂದು ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡದೆ ಯಂತ್ರ ಮುಂದಕ್ಕೆ ಹೋಗುತ್ತಿರಲಿಲ್ಲವಲ್ಲ, ಅದೇ. ಬಿಲ್ಲಿನ ಫ್ಲಾಪಿಯೇ ಬೇಕೆಂಬ ವಾದ ಅಲ್ಲಿಗೆ ಗೆದ್ದಿತು.

ಕೇಬಲಿನಲ್ಲಿ ಕಳೆದುಕೊಂಡಷ್ಟು ದಿನ ಬೇರೆಲ್ಲೂ ಕಳೆಯಲಿಲ್ಲ. ಟಿವಿ ಕೇಬಲಿನವರ ಬಳಿ ಅಗ್ಗಕ್ಕೆ ಸಿಗುತ್ತದೆಂದು ಆರ್‌ಜಿ-59 ಎಳೆದೆವು. ಅದು 75 ಓಮ್, ನಮಗೆ ಬೇಕಾದ್ದು 50. ಎರಡು ಯಂತ್ರ ಹತ್ತಿರ ಹತ್ತಿರ ಇದ್ದಾಗ ಸರಿಯಾಗಿಯೇ ಓಡಿ ಮೋಸ ಮಾಡಿತು, ಮೂರನೆಯದು ಸೇರಿದಾಗ ಎಲ್ಲ ಸ್ತಬ್ಧ. ಕೇಬಲ್ ಬದಲಿಸಿದ ಮೇಲೆ ಇನ್ನೊಂದು: ಟಿಯಿಂದ ಕಾರ್ಡಿಗೆ ಒಂದು ಮೀಟರ್ ತುಂಡು ಕೊಟ್ಟಿದ್ದೆವು. ಹಾಗೆ ಕೊಡಬಾರದು, ಟಿ ನೇರ ಕಾರ್ಡಿನ ಮೇಲೆಯೇ ಕೂರಬೇಕು. ತಿರುಗಿಸಿ ಹಾಕುವ ಬಿಎನ್‌ಸಿ ಬೇಡವೇ ಬೇಡ, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡುವುದೇ ಸರಿ. ಕಡಲ ಗಾಳಿಗೆ ಬಿಎನ್‌ಸಿ ಹಸಿರುಗಟ್ಟುತ್ತದೆ. ಅದಕ್ಕೆ ನಾವು ಏನು ಸವರುತ್ತಿದ್ದೆವು ಎಂಬುದು ನಮ್ಮಲ್ಲೇ ಇರಲಿ.

ಕೇಬಲಿನ ಎರಡೂ ಕೊನೆಗೆ ಹಾಕಬೇಕಾದ ಟರ್ಮಿನೇಟರ್ ಕೊಳ್ಳಲಿಲ್ಲ. 100 ಓಮಿನ ಎರಡು ರೆಸಿಸ್ಟರ್ ಸಮಾಂತರವಾಗಿ ಬಿಎನ್‌ಸಿ ಪ್ಲಗ್ಗಿನೊಳಗೆ ಬೆಸೆದರೆ 50 ಆಯಿತು, ಖರ್ಚು ಪ್ಲಗ್ಗಿನದ್ದು ಮಾತ್ರ. ಪರೀಕ್ಷೆಗೆ ಎಲ್ಲ ಯಂತ್ರ ಬಂದ್ ಮಾಡಿ, ನಡುವಿನ ಒಂದು ಟಿಯಲ್ಲಿ ಒಳತಂತಿಗೂ ಹೊರಬಲೆಗೂ ಓಮ್ ಅಳೆಯುವ ಮೀಟರ್ ಹಿಡಿಯಿರಿ. 25 ಬಂದರೆ ಸರಿ. 50 ಬಂದರೆ ಒಂದು ಬದಿ ಕಡಿದಿದೆ, ಸೊನ್ನೆಯ ಹತ್ತಿರವಾದರೆ ಎಲ್ಲೋ ಬಲೆಯ ಎಳೆ ಒಳಗೆ ತಾಗಿದೆ. ಸಾಫ್ಟ್‌ವೇರಿಗೆ ಬಯ್ಯುವ ಮೊದಲು ಇಷ್ಟು ನೋಡಿ.

ಕಾರ್ಡು ಬರುವಾಗ ಐಆರ್‌ಕ್ಯೂ (ಯಂತ್ರದ ಗಮನ ಸೆಳೆಯುವ ಸಾಲು) 3ರಲ್ಲಿರುತ್ತಿತ್ತು, ಅದೇ ಸಾಲಿನ ಕಾಮ್2 ಪೋರ್ಟಿಗೆ ಢಿಕ್ಕಿ. ನಾವು ಎಲ್ಲವನ್ನೂ 10ಕ್ಕೆ ತಂದೆವು, ಪೋರ್ಟ್ ವಿಳಾಸ 300 ಹಾಗೆಯೇ. ಎರಡು ಕಾರ್ಡು ಮಾತ್ರ ಉಳಿದ ಮೂರರ ಜೊತೆ ಒಂದೊಂದಾಗಿ ಮಾತಾಡುತ್ತವೆ, ಒಟ್ಟಿಗೆ ಇದ್ದರೆ ಎರಡೂ ಕಕ್ಕಾಬಿಕ್ಕಿ. ಒಂದು ವಾರ ಕೇಬಲನ್ನೇ ಅನುಮಾನಿಸಿದೆವು. ನೋಡಿದರೆ ಕಾರ್ಡನ್ನು ಗುರುತಿಸುವ ಈಥರ್ನೆಟ್ ವಿಳಾಸ ಎರಡಕ್ಕೂ ಒಂದೇ! ಅಗ್ಗದ ಮಾಲಿನ ಗುಣ. ಅಂಗಡಿಯವನು ನಂಬಲಿಲ್ಲ, ಕಾರ್ಡಿನ ಫ್ಲಾಪಿಯಲ್ಲಿದ್ದ ಪ್ರೋಗ್ರಾಮಿನಿಂದಲೇ ಒಂದರ ವಿಳಾಸ ಬದಲಿಸಿದೆವು.

ಆಗಿನ ಯಂತ್ರಗಳಲ್ಲಿ ಮೆಮೊರಿಯ ಕೊರತೆ. ಡಿಸ್ಕ್ ಹಂಚುವ ಯಂತ್ರದಲ್ಲಿ ಮಾತ್ರ ಸರ್ವರ್ ಏರಿಸಿದರೆ ಆಯಿತು, ಉಳಿದವಕ್ಕೆ ಹಂಚಿದ ಡಿಸ್ಕ್ ಬಳಸುವ ರಿಡೈರ್ ಪ್ರೋಗ್ರಾಮು ಸಾಕಿತ್ತು. ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ಪ್ರೋಗ್ರಾಮು ಓಡುವಷ್ಟು ಜಾಗ ಉಳಿಯಲು ಯಾವುದನ್ನು ಮೊದಲು ಮೇಲಿನ ಮೆಮೊರಿಗೆ ಏರಿಸಬೇಕೆಂಬುದನ್ನು ಬರೆಯುವುದಿಲ್ಲ, ಮೂರು ರಾತ್ರಿ ಕೂತರೆ ಸಿಕ್ಕೀತು.

ಹಣವಿಲ್ಲದ ತಿಂಗಳುಗಳಲ್ಲಿ ಆಗಿನ ಕಾರ್ಯಾಚರಣೆ ವ್ಯವಸ್ಥೆ ಡಾಸ್ 6ರ ಜೊತೆ ಬರುತ್ತಿದ್ದ, ಎರಡು ಯಂತ್ರ ಜೋಡಿಸುವ ಇಂಟರ್‌ಲಿಂಕನ್ನು ಪ್ಯಾರಲಲ್ ಕೇಬಲಿನಲ್ಲಿ ಓಡಿಸಿದ್ದೂ ಉಂಟು. ಎರಡೇ ಯಂತ್ರ, ಒಂದು ಪೂರ್ತಿ ಸರ್ವರಾಗಿಯೇ ಕೂತಿರಬೇಕು. ಫೈಲ್ ಸಾಗಿಸಲು ಅಡ್ಡಿಯಿಲ್ಲ. ಡೂಮ್ ಆಟ ಆಡಿದ್ದು ಬೇರೆ ಲೆಕ್ಕ, ಅದಕ್ಕೆ ಐಪಿಎಕ್ಸ್ ಎಂಬ ನೆಟ್‌ವರ್ಕ್ ಭಾಷೆ ಬೇಕು. ಡೂಮಿನ ಹಳೆಯ ಆವೃತ್ತಿ ಇಡೀ ಕೇಬಲನ್ನೇ ಪ್ಯಾಕೆಟ್‌ಗಳಿಂದ ತುಂಬಿಸಿಬಿಡುತ್ತದೆ, 1.2 ಹಾಕಿ.

ಕುರಿ ಮುರಿಯದಿರಲು ಮುಖ್ಯ ಕಾರಣ ಬಿಟ್ಟುಹೋಗುವವನ ನಿಯಮ. ಅದನ್ನು ಮೊದಲ ಕಂತಿಗಿಂತ ಮುಂಚೆಯೇ ಬರೆದಿಟ್ಟಿದ್ದೆವು. ಪರವಾನಗಿ ಕುರಿಯದು, ಯಂತ್ರದ ಒಡೆಯನದಲ್ಲ. ಅವನು ಯಂತ್ರ ಒಯ್ಯುವಾಗ ಸಾಫ್ಟ್‌ವೇರ್ ಅಳಿಸಿ, ಕಾರ್ಡು ಕಳಚಿ ಕೊಡಬೇಕು. ಕಟ್ಟಿದ್ದರ ಅರ್ಧ ವಾಪಸು, ಅದೂ ಅವನ ಜಾಗಕ್ಕೆ ಕಿರಿಯನೊಬ್ಬ ಸೇರಿದ ಮೇಲೆ. ಮೂಲ ಫ್ಲಾಪಿ ಒಬ್ಬನ ಬಳಿ, ಬಿಲ್ಲು ಇನ್ನೊಬ್ಬನ ಬಳಿ. ಫ್ಲಾಪಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಹುರಿದ ಅಕ್ಕಿಯ ಗಂಟಿನ ಜೊತೆ ಬಿಸ್ಕತ್ತಿನ ಡಬ್ಬದಲ್ಲಿಡಿ. ಅಕ್ಕಿ ವಾರಕ್ಕೊಮ್ಮೆ ಬದಲಿಸಬೇಕು.

ತುಲಾ ಮಾಸದ ಗುಡುಗು ಶುರುವಾದರೆ ಪ್ಲಗ್ ಕಿತ್ತರೆ ಸಾಲದು, ಪ್ರತಿ ಕಾರ್ಡಿನಿಂದ ಟಿಯನ್ನೂ ಕಳಚಬೇಕು. ಮರೆತವನ ಕಾರ್ಡು ಸುಟ್ಟರೆ 1,200ರ ನಷ್ಟ ಅವನದೇ. ಎರಡು ವರ್ಷದಲ್ಲಿ ಎರಡು ಸುಟ್ಟವು, ಎರಡೂ ಒಬ್ಬನದೇ.