ನ್ಯೂಟ್ರಾನಿಗೆ ಕಂಡ ಮಂಗಳೂರಿನ ತೇವ

ಆಟಿ ತಿಂಗಳಲ್ಲಿ ಮಂಗಳೂರಿನಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಡಬ್ಬಿಯ ಉಪ್ಪು ನೀರಾಗುತ್ತದೆ. ಹುಟ್ಟಿದಂದಿನಿಂದ ಇದನ್ನು ನೋಡಿಕೊಂಡು ಬಂದ ನಾನು, ಪಿಎಚ್.ಡಿ.ಯ ಸ್ಯಾಂಪಲನ್ನು ಜುಲೈಯಲ್ಲಿ ತಯಾರಿಸಿ, ಸಾದಾ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ, ಮತ್ಸ್ಯಗಂಧ ರೈಲು ಹತ್ತಿದೆ.

ನನ್ನ ವಸ್ತು ಮ್ಯಾಂಗನೀಸ್ ಫೆರೈಟಿನ ನ್ಯಾನೋ ಪುಡಿ. ಇದರ ದಾಯಾದಿ ಮ್ಯಾಂಗನೀಸ್-ಸತು ಫೆರೈಟ್ ನಿಮ್ಮ ಮೊಬೈಲ್ ಚಾರ್ಜರಿನ ಪುಟ್ಟ ಟ್ರಾನ್ಸ್‌ಫಾರ್ಮರಿನಲ್ಲಿ ಉಂಟು. ಇದರ ಹರಳನ್ನು ಚೆನ್ನೆಮಣೆ ಅಂದುಕೊಳ್ಳಿ. ಗುಳಿಗಳು ಎರಡು ಬಗೆ, ಎ ಮತ್ತು ಬಿ. ಯಾವ ಗುಳಿಯಲ್ಲಿ ಕಬ್ಬಿಣ, ಯಾವುದರಲ್ಲಿ ಮ್ಯಾಂಗನೀಸ್ ಎಂಬುದರ ಮೇಲೆ ಅಯಸ್ಕಾಂತ ಗುಣ ನಿಂತಿದೆ. ಇದನ್ನು ತಿಳಿಯಲು ಪುಡಿಗೆ ಕಿರಣ ಹಾಯಿಸಿ, ಅದು ಹೇಗೆ ಚೆದುರುತ್ತದೆ ಎಂದು ನೋಡಬೇಕು. ಎಕ್ಸ್-ರೇ ನೋಡುವುದು ಎಲೆಕ್ಟ್ರಾನುಗಳನ್ನು. ಮ್ಯಾಂಗನೀಸಿನಲ್ಲಿ 25, ಕಬ್ಬಿಣದಲ್ಲಿ 26. ಅದರ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣದ ಕಾಯಿ. ನ್ಯೂಟ್ರಾನ್ ಚೆದುರುವುದು ಪರಮಾಣುವಿನ ಬೀಜದಿಂದ. ಅಲ್ಲಿ ಕಬ್ಬಿಣದ ಚೆದುರಿಸುವ ಶಕ್ತಿಯ ಅಳತೆ 9.45 ಫೆಮ್ಟೋಮೀಟರ್, ಮ್ಯಾಂಗನೀಸಿನದ್ದು ಮೈನಸ್ 3.73. ಚಿಹ್ನೆಯೇ ತಿರುಗಿಬಿಡುತ್ತದೆ! ಸಾಲದ್ದಕ್ಕೆ ನ್ಯೂಟ್ರಾನ್ ತಾನೇ ಒಂದು ಸಣ್ಣ ಅಯಸ್ಕಾಂತ, ಹಾಗಾಗಿ ಪರಮಾಣುಗಳ ಕಾಂತತೆ ಯಾವ ಕಡೆ ಮುಖ ಮಾಡಿದೆ ಎಂಬುದೂ ತಿಳಿಯುತ್ತದೆ.

ಅದಕ್ಕೇ ಮುಂಬೈಯ ಟ್ರಾಂಬೆಗೆ ಹೋಗಬೇಕಾಯಿತು. ಅಲ್ಲಿನ ಧ್ರುವ ರಿಯಾಕ್ಟರ್ 1985ರಲ್ಲಿ ಶುರುವಾದದ್ದು, 100 ಮೆಗಾವ್ಯಾಟಿನದು, ಕರೆಂಟ್ ಮಾಡುವುದಕ್ಕಲ್ಲ. ಸಂಶೋಧನೆಗೆ ಬೇಕಾದ ನ್ಯೂಟ್ರಾನ್ ಕಿರಣ ಅಲ್ಲಿ ಸಿಗುತ್ತದೆ. ವಿಶ್ವವಿದ್ಯಾಲಯದವರಿಗೂ ಅಲ್ಲಿ ಅವಕಾಶ ಉಂಟು. ಪ್ರಪೋಸಲ್ ಬರೆದು ಸರದಿ ಕಾಯಬೇಕು. ಅಮ್ಮನಿಗೆ ಗಾಬರಿ. "ಎಂತ, ಅಣುಸ್ಥಾವರಕ್ಕಾ? ಮೈಗೆ ಏನಾದರೂ ಆದರೆ?" ದೊಡ್ಡಮ್ಮನ ಥೈರಾಯ್ಡಿಗೆ ಕೊಟ್ಟ ಅಯೋಡಿನ್-131 ಕೂಡ ರಿಯಾಕ್ಟರಿನಲ್ಲೇ ಆಗುವುದಮ್ಮ ಅಂದೆ. "ಅದು ಬೇರೆ, ಇದು ಬೇರೆ" ಅಂದು ಚಕ್ಕುಲಿ ಕಟ್ಟಿಕೊಟ್ಟರು.

ಎಕ್ಸ್-ರೇಗೆ ಚಿಟಿಕೆ ಪುಡಿ ಸಾಕು. ನ್ಯೂಟ್ರಾನ್ ಕಿರಣ ಅಷ್ಟು ದಟ್ಟವಲ್ಲ, ಗ್ರಾಮ್‌ಗಟ್ಟಲೆ ಕೇಳುತ್ತದೆ. ಒಂದು ಸಲಕ್ಕೆ ಒಂದೇ ಗ್ರಾಮ್ ಸಿಗುತ್ತಿದ್ದುದರಿಂದ ಆರು ಸಲ ಕುದಿಸಿ, ತೊಳೆದು, ಒಣಗಿಸಿ ಕೂಡಿಹಾಕಿದ್ದೆ. ಪುಡಿ ತುಂಬುವ ಡಬ್ಬಿ ವನೇಡಿಯಂ ಲೋಹದ್ದು. ಹರಳಿನಿಂದ ಚೆದುರಿದ ನ್ಯೂಟ್ರಾನುಗಳು ಗ್ರಾಫಿನಲ್ಲಿ ಶಿಖರಗಳಾಗಿ ಕಾಣುತ್ತವೆ. ಆ ಲೋಹ ತನ್ನದೇ ಶಿಖರಗಳನ್ನು ತೋರಿಸುವುದಿಲ್ಲ ಅನ್ನಬಹುದು.

ಒಂದು ಹಗಲು, ಒಂದು ರಾತ್ರಿ ಓಡಿಸಿದ ಮೇಲೆ ಗ್ರಾಫ್ ನೋಡಿದರೆ ಶಿಖರಗಳೆಲ್ಲ ನೆರೆಯಲ್ಲಿ ಅರ್ಧ ಮುಳುಗಿದ ತೆಂಗಿನ ಮರಗಳ ಹಾಗೆ. ಶಿಖರಗಳ ಬುಡದಲ್ಲಿರುವ ಬೇಡದ ಹಿನ್ನೆಲೆ ಗದ್ದಲ ಅಷ್ಟು ಮೇಲೆದ್ದಿತ್ತು. ಯಂತ್ರ ನೋಡಿಕೊಳ್ಳುವವರು ಕೇಳಿದ್ದು ಒಂದೇ ಪ್ರಶ್ನೆ: ಸ್ಯಾಂಪಲ್ ಒಣಗಿಸಿದ್ದು ಯಾವಾಗ?

ನ್ಯಾನೋ ಪುಡಿಯ ಒಂದೊಂದು ಕಣವೂ ಮೈತುಂಬ ನೀರು ಹಚ್ಚಿಕೊಂಡಿತ್ತು. ಒಂದೇ ಎಲೆಕ್ಟ್ರಾನಿನ ಹೈಡ್ರೋಜನ್ ಎಕ್ಸ್-ರೇಗೆ ಲೆಕ್ಕಕ್ಕಿಲ್ಲ. ನ್ಯೂಟ್ರಾನನ್ನು ಮಾತ್ರ ಅದು ಕಂಡಕಂಡ ಕಡೆ ಚೆಲ್ಲುತ್ತದೆ. ಇದೇ ಗುಣದಿಂದ ಬೇರೆಯವರು ಹೈಡ್ರೋಜನಿನಿಂದ ಕರೆಂಟ್ ಮಾಡುವ ಫ್ಯೂಯೆಲ್ ಸೆಲ್ ಒಳಗೆ ನೀರು ಎಲ್ಲಿ ನಿಂತಿದೆ ಎಂದು ಲೋಹದ ಹೊರಗಿನಿಂದಲೇ ನೋಡುತ್ತಾರೆ. ನನಗೆ ಅದು ನಮ್ಮೂರಿನ ಮಳೆಗಾಲವನ್ನು ತೋರಿಸಿತು.

ಇಂತಹ ಪುಡಿಯನ್ನು ಗಾಳಿಯಲ್ಲಿ ಜೋರಾಗಿ ಕಾಯಿಸಿ ಒಣಗಿಸೋಣ ಎಂದರೆ ಮ್ಯಾಂಗನೀಸ್ ಆಮ್ಲಜನಕ ಹೀರಿ ವಸ್ತುವೇ ಕೆಡುತ್ತದೆ. ಊರಿಗೆ ಬಂದು ಹೊಸದಾಗಿ ಆರು ಗ್ರಾಮ್ ಮಾಡಿದೆ. ನಿರ್ವಾತದಲ್ಲಿ 150 ಡಿಗ್ರಿಗೆ ರಾತ್ರಿಯಿಡೀ ಇಟ್ಟು, ಗಾಜಿನ ನಳಿಗೆಯಲ್ಲಿ ಬಾಯಿ ಕರಗಿಸಿ ಮುಚ್ಚಿದೆ. ಸರದಿ ಮತ್ತೆ ಬಂದದ್ದು ಫೆಬ್ರವರಿಯಲ್ಲಿ. ಈ ಸಲ ನೆರೆ ಇಳಿದಿತ್ತು. ಮ್ಯಾಂಗನೀಸಿನ ಹೆಚ್ಚಿನ ಪಾಲು ಎ ಗುಳಿಯಲ್ಲಿ, ಉಳಿದದ್ದು ಬಿಯಲ್ಲಿ ಎಂದು ಬಿಡಿಬಿಡಿಯಾಗಿ ಕಂಡಿತು.

ಹಳೆಯ ಪ್ಲಾಸ್ಟಿಕ್ ಬಾಟಲಿ ಈಗಲೂ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ. ಜೂನಿಯರ್‌ಗಳು ಅದರ ಮೇಲೆ "ಹಪ್ಪಳ" ಎಂದು ಚೀಟಿ ಅಂಟಿಸಿದ್ದಾರೆ.