ಮೂರು ನಿಮಿಷದಲ್ಲಿ ಖಾರದಪುಡಿ ಮಾರುವ ಮಾತು

ಧಾರವಾಡದ ಕೃಷಿ ಮೇಳದಲ್ಲಿ ನಮ್ಮ ಸ್ವಸಹಾಯ ಸಂಘ ಮೊದಲ ಸಲ ಮಳಿಗೆ ಹಾಕಿದಾಗ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಸಂಘ ಯಾವಾಗ ಶುರುವಾಯಿತು, ಸಾಲ ಹೇಗೆ ತೀರಿಸಿದೆವು, ಎಲ್ಲ ಹೇಳಿದೆ. ಬ್ಯಾಡಗಿ ಖಾರದಪುಡಿಯ ವಿಷಯಕ್ಕೆ ಬರುವಷ್ಟರಲ್ಲಿ ಎದುರಿಗೆ ಕೇಳೋರೇ ಇರಲಿಲ್ಲ!

ಆಮೇಲೆ ಕಲಿತದ್ದು ಇದು. ಮೊದಲು ಕೊನೆಯ ವಾಕ್ಯ ಬರೆದುಕೊಳ್ಳಿ. ಕೇಳಿದವರು ಏನು ಮಾಡಬೇಕು? ‘ಕಾಲು ಕಿಲೋ ಪಾಕೀಟು ಒಯ್ಯಬೇಕು.’ ಅಷ್ಟೇ. ಅದಕ್ಕೆ ನೆರವಾಗದ ಮಾತನ್ನೆಲ್ಲ ಹೊಡೆದು ಹಾಕಿ.

ಉಳಿದದ್ದನ್ನು ಜೋಡಿಸಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಭಾಷಣಕಲೆ ಕಲಿಸುತ್ತಿದ್ದ ಅಲನ್ ಮನ್ರೋ 1930ರ ದಶಕದಲ್ಲಿ ಕೊಟ್ಟ ಐದು ಮೆಟ್ಟಿಲು ಸಾಕು: ಗಮನ ಸೆಳೆಯುವುದು, ಕೊರತೆ ತೋರಿಸುವುದು, ಪರಿಹಾರ ಕೊಡುವುದು, ಅದನ್ನು ಬಳಸಿದ ಚಿತ್ರ ಕಣ್ಣಮುಂದೆ ತರುವುದು, ಏನು ಮಾಡಬೇಕೆಂದು ಹೇಳುವುದು.

ಮೊದಲೆರಡು ಮೆಟ್ಟಿಲು ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತವೆ. “ಅಕ್ಕಾರ, ಪಲ್ಯಾ ಕೆಂಪಗ ಆಗ್ಲಿ ಅಂತ ಖಾರ ಹಾಕಿದ್ರ ಮಕ್ಕಳು ಉಣ್ಣೂದಿಲ್ಲ, ಹೌದಲ್ರಿ?” ತಲೆ ಆಡಿಸಿದರು ಅಂದರೆ ನಿಂತರು.

ಮೂರನೆಯದರಲ್ಲಿ ನಿಧಾನಿಸಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೇಳಿ ಬಿಡಬೇಡಿ, ತೋರಿಸಿ. ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ನೀರಲ್ಲಿ ಕರಗುವ ಕೃತಕ ಬಣ್ಣ ಬೆರೆಸಿದ್ದರೆ ಕೂಡಲೇ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ಆಮೇಲೆ ಇನ್ನೊಂದು ಚಿಟಿಕೆಯನ್ನು ಬೆಚ್ಚಗಿನ ಎಣ್ಣೆಗೆ ಹಾಕಿ. ಮೆಣಸಿನಕಾಯಿಯ ಸ್ವಂತ ಬಣ್ಣ ಬಿಡುವುದು ಎಣ್ಣೆಯಲ್ಲೇ. ಬಟ್ಟಲು ಕೆಂಪಾಗುವ ತನಕ ಸುಮ್ನೆ ಇರಿ, ಬಟ್ಟಲೇ ಮಾತಾಡಲಿ. ಹಾಗಂತ ‘ನೂರಕ್ಕೆ ನೂರು ಶುದ್ಧ’ ಎಂದು ಕೂಗಬೇಡಿ. ಎಣ್ಣೆಯಲ್ಲಿ ಕರಗುವ ಕೃತಕ ಬಣ್ಣಗಳೂ ಇವೆ, ಅವು ಈ ಪರೀಕ್ಷೆಗೆ ಸಿಗುವುದಿಲ್ಲ. ಕೇಳುವವರಲ್ಲಿ ಒಬ್ಬರಾದರೂ ತಿಳಿದವರು ಇರುತ್ತಾರೆ ಅಲ್ವಾ?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ ಟ್ಯಾಗ್, ಅಂದರೆ ಇಂಥ ಪ್ರದೇಶದ್ದೇ ಮಾಲು ಎಂಬ ಗುರುತು) ಮಾನ್ಯತೆ ಸಿಕ್ಕಿದೆ. ಇದಕ್ಕೆ ಒಂದೇ ವಾಕ್ಯ ಕೊಡಿ. ಆ ಗುರುತನ್ನು ಪಾಕೀಟಿನ ಮೇಲೆ ಹಾಕಬೇಕಾದರೆ ಮಾತ್ರ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಆಹಾರ ಸುರಕ್ಷತೆಯ (FSSAI) 14 ಅಂಕಿಯ ನಂಬರು ಪಾಕೀಟಿನ ಮೇಲೆ ಹೇಗೂ ಇರಬೇಕು. ಅದನ್ನು ಬೆರಳಿಟ್ಟು ತೋರಿಸಿ.

ನಾಲ್ಕನೆಯದಕ್ಕೆ ಜಾಸ್ತಿ ಬೇಡ. “ನಾಳೆ ಮುಂಜಾನೆ ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ, ಮ್ಯಾಲೆ ತೇಲೋ ಕೆಂಪನೆ ಎಣ್ಣಿ...” ಸಾಕು.

ಐದನೆಯದು ನೀವು ಮೊದಲೇ ಬರೆದುಕೊಂಡ ಆ ಕೊನೆಯ ವಾಕ್ಯ. ರೇಟು ಈಗ ಹೇಳಿ, ಮೊದಲೇ ಬೇಡ. ಕಾಲು ಕಿಲೋಗೆ 150 ರೂಪಾಯಿ ಅಂತಿಟ್ಟುಕೊಳ್ಳಿ. ದಿನಕ್ಕೆ 10 ಗ್ರಾಂ ಬಳಸುವ ಮನೆಗೆ 25 ದಿನ ಬರುತ್ತದೆ, ದಿನಕ್ಕೆ 6 ರೂಪಾಯಿ. ಈ ಲೆಕ್ಕ ಬಾಯಿಪಾಠ ಇರಲಿ.

“ಕಡಿಮಿ ಮಾಡ್ರಿ” ಅಂದೇ ಅನ್ನುತ್ತಾರೆ. ಅದಕ್ಕೂ ಉತ್ತರ ಮೊದಲೇ ಬರೆದಿಟ್ಟುಕೊಳ್ಳಿ. ನಾನು 50 ಗ್ರಾಮಿನ ಪಾಕೀಟು ಕೈಗಿಟ್ಟು, “ಇದನ್ನ ಮೊದ್ಲ ಅಡಿಗ್ಯಾಗ ಹಾಕಿ ನೋಡ್ರಿ, ನಾಳೆನೂ ಇಲ್ಲೇ ಇರ್ತೀವಿ” ಅನ್ನುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ಚಿಲ್ಲರೆ ಹುಡುಕುತ್ತೇನೆ.