ದೊಡ್ಡವರ ಆಹಾರ ಅಲರ್ಜಿಗೆ ಓರಲ್ ಇಮ್ಯುನೊಥೆರಪಿ: ಶುರುವಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ?

ಕಡಲೆಬೀಜದ ಒಂದು ಚೂರು ಗೊತ್ತಿಲ್ಲದೆ ಬಾಯಿಗೆ ಹೋದರೂ ಸಾಕು, ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತದೆ, ಗಂಟಲು ಕಟ್ಟುತ್ತದೆ, ಉಸಿರಾಡುವುದೇ ಕಷ್ಟವಾಗುತ್ತದೆ. ಅಂಥವರಿಗೆ ಹೊರಗಡೆ ಊಟ ಅಂದರೆ ಪ್ರತಿಸಲವೂ ಭಯ. ಇಷ್ಟು ವರ್ಷ ವೈದ್ಯರು ಹೇಳುತ್ತಿದ್ದದ್ದು ಎರಡೇ ಮಾತು: ಆಗದ್ದನ್ನು ತಿನ್ನಬೇಡಿ, ತೀವ್ರ ರಿಯಾಕ್ಷನ್ ಬಂದಾಗ ಚುಚ್ಚಿಕೊಳ್ಳುವ ಅಡ್ರಿನಾಲಿನ್ ಇಂಜೆಕ್ಷನ್ ಜೊತೆಗೇ ಇಟ್ಟುಕೊಳ್ಳಿ. ಈಗ ಇನ್ನೊಂದು ದಾರಿಯೂ ಇದೆ. ಆಗದ ಆಹಾರವನ್ನೇ ಅತಿ ಸಣ್ಣ ಪ್ರಮಾಣದಲ್ಲಿ ವೈದ್ಯರ ಕಣ್ಣೆದುರು ತಿನ್ನಲು ಶುರುಮಾಡಿ, ತಿಂಗಳುಗಟ್ಟಲೆ ನಿಧಾನವಾಗಿ ಏರಿಸುತ್ತ ಹೋಗುವುದು. ಇದೇ ಓರಲ್ ಇಮ್ಯುನೊಥೆರಪಿ.

ಯೋಚನೆ ಹಳೆಯದು. ಮೊಟ್ಟೆ ಆಗದ ಒಬ್ಬ ಹುಡುಗನಿಗೆ ಹೀಗೆ ಸ್ವಲ್ಪಸ್ವಲ್ಪವೇ ಮೊಟ್ಟೆ ಕೊಟ್ಟು ಒಗ್ಗಿಸಿದ್ದನ್ನು ವೈದ್ಯ ಆಲ್ಫ್ರೆಡ್ ಸ್ಕೋಫೀಲ್ಡ್ 1908ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಆದರೆ ಈಚಿನ ಸಂಶೋಧನೆ ಬಹುಪಾಲು ಮಕ್ಕಳದ್ದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಪಾಲ್ಫೋರ್ಜಿಯಾ ಎಂಬ ಕಡಲೆಬೀಜದ ಪುಡಿಗೆ ಒಪ್ಪಿಗೆ ಕೊಟ್ಟಾಗಲೂ, ಚಿಕಿತ್ಸೆ ಶುರುಮಾಡಬಹುದಾಗಿದ್ದದ್ದು 4ರಿಂದ 17 ವರ್ಷದವರಿಗೆ ಮಾತ್ರ. ದೊಡ್ಡವರ ಮಟ್ಟಿಗೆ ಆಸೆ ಹುಟ್ಟಿಸಿರುವುದು ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ 2025ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಅದರಲ್ಲಿದ್ದ 21 ಮಂದಿಯಲ್ಲಿ 14 ಮಂದಿ ಕೊನೆಗೆ ಸುಮಾರು ಐದು ಕಡಲೆಬೀಜದಷ್ಟನ್ನು ರಿಯಾಕ್ಷನ್ ಇಲ್ಲದೆ ತಿಂದರು. ಒಳ್ಳೆಯ ಸುದ್ದಿಯೇ, ಆದರೆ 21 ಅನ್ನುವುದು ಸಣ್ಣ ಸಂಖ್ಯೆ. ಮಕ್ಕಳಷ್ಟು ಗಟ್ಟಿಯಾದ ಆಧಾರ ದೊಡ್ಡವರಿಗೆ ಇನ್ನೂ ಇಲ್ಲ ಎಂದು ತಿಳಿದುಕೊಂಡೇ ಮುಂದುವರಿಯಬೇಕು.

ಗುರಿ ಏನು ಅಂತ ಮೊದಲೇ ಮಾತಾಡಿಕೊಳ್ಳಿ

ಇದು ಅಲರ್ಜಿಯನ್ನು ಬೇರುಸಮೇತ ಕಿತ್ತುಹಾಕುವ ಚಿಕಿತ್ಸೆ ಅಲ್ಲ. ದೇಹ ತಡೆದುಕೊಳ್ಳುವ ಮಿತಿ ಮೇಲೇರುತ್ತದೆ, ಅಷ್ಟೆ. ಮೊದಲು ಒಂದು ಚೂರಿಗೇ ಕೆರಳುತ್ತಿದ್ದ ದೇಹ, ಆಮೇಲೆ ಒಂದೆರಡು ಕಾಳು ತಪ್ಪಿ ಹೊಟ್ಟೆಗೆ ಹೋದರೂ ಸುಮ್ಮನಿರಬಹುದು. ತುಂಬಾ ಜನಕ್ಕೆ ಇಷ್ಟೇ ಸಾಕು, ಮದುವೆ ಮನೆಯಲ್ಲಿ ನೆಮ್ಮದಿಯಾಗಿ ಕೂತು ಉಣ್ಣಬಹುದಲ್ವಾ? ‘ಬೇಕಾದಷ್ಟು ತಿನ್ನಬೇಕು’ ಅನ್ನುವ ಆಸೆಯಿಂದ ಶುರುಮಾಡಿದವರಿಗೆ ಮಾತ್ರ ನಿರಾಸೆಯಾಗುತ್ತದೆ.

ನಿಮಗೆ ಇದು ಸರಿಹೊಂದುತ್ತದಾ?

ಅಲರ್ಜಿ ತಜ್ಞರು ಮೊದಲು ನಿಮ್ಮ ಕಥೆ ಪೂರ್ತಿ ಕೇಳುತ್ತಾರೆ. ಚರ್ಮದ ಮೇಲೆ ಚುಚ್ಚಿ ನೋಡುವ ಟೆಸ್ಟ್, ರಕ್ತದಲ್ಲಿ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಪರೀಕ್ಷೆ ಆಗುತ್ತವೆ. ಬೇಕಾದರೆ ಆಸ್ಪತ್ರೆಯಲ್ಲೇ ಆ ಆಹಾರವನ್ನು ಸ್ವಲ್ಪಸ್ವಲ್ಪ ತಿನ್ನಿಸಿ ನೋಡುತ್ತಾರೆ. ಬರೀ ರಕ್ತಪರೀಕ್ಷೆಯ ಚೀಟಿ ನೋಡಿ ಚಿಕಿತ್ಸೆ ಶುರುಮಾಡುವುದು ಸರಿಯಲ್ಲ. ಟೆಸ್ಟ್ ಪಾಸಿಟಿವ್ ಬಂದೂ ಆರಾಮಾಗಿ ತಿನ್ನುವವರಿದ್ದಾರೆ.

ಅಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಅದನ್ನು ಸರಿಮಾಡುವ ತನಕ ಕಾಯಲೇಬೇಕು. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದರೆ ಮರೆಯದೆ ಹೇಳಿ. ಅದು ಇದ್ದಾಗ ಅಡ್ರಿನಾಲಿನ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಗರ್ಭಿಣಿಯರಿಗೆ ಹೊಸದಾಗಿ ಶುರುಮಾಡುವುದಿಲ್ಲ. ಅನ್ನನಾಳದ ಅಲರ್ಜಿ ಉರಿಯೂತ ಇದ್ದವರಿಗೂ ಇದು ಬೇಡ.

ಮೊದಲ ದಿನ

ಇದು ಪೂರ್ತಿ ಆಸ್ಪತ್ರೆಯಲ್ಲೇ ಕಳೆಯುವ ದಿನ. ಒಂದು ಕಡಲೆಬೀಜದಲ್ಲಿ ಹೆಚ್ಚುಕಡಿಮೆ 250 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಮೊದಲ ಡೋಸ್ ಒಂದು ಮಿಲಿಗ್ರಾಮಿಗೂ ಕಡಿಮೆ. ಪುಡಿ ಕಣ್ಣಿಗೆ ಕಾಣುತ್ತದೋ ಇಲ್ಲವೋ ಅನ್ನುವಷ್ಟು. ಅದನ್ನು ಮೊಸರಿಗೋ ಹಣ್ಣಿನ ತಿರುಳಿಗೋ ಕಲಸಿ ಕೊಡುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ, ನಾಡಿ, ಬಿಪಿ, ಚರ್ಮ ನೋಡುತ್ತಾರೆ. ಏನೂ ಆಗದಿದ್ದರೆ ಸ್ವಲ್ಪ ಜಾಸ್ತಿ. ಹೀಗೆ ಒಂದೇ ದಿನದಲ್ಲಿ ಕೆಲವು ಮಿಲಿಗ್ರಾಮಿನ ತನಕ ಹೋಗಿ ನಿಲ್ಲಿಸುತ್ತಾರೆ.

ಏರಿಸುವ ತಿಂಗಳುಗಳು

ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಡೋಸ್ ಏರುತ್ತದೆ. ಏರಿಸುವುದು ಯಾವಾಗಲೂ ಆಸ್ಪತ್ರೆಯಲ್ಲೇ, ತಿಂದ ಮೇಲೆ ಒಂದು ಗಂಟೆಯಾದರೂ ಅಲ್ಲೇ ಕೂರಬೇಕು. ನಡುವಿನ ದಿನಗಳಲ್ಲಿ ಅದೇ ಡೋಸನ್ನು ದಿನಾ ಮನೆಯಲ್ಲಿ ತೆಗೆದುಕೊಳ್ಳುತ್ತೀರಿ. ಎಲ್ಲ ಸಲೀಸಾದರೆ ಐದಾರು ತಿಂಗಳು, ಇಲ್ಲದಿದ್ದರೆ ಇನ್ನೂ ಜಾಸ್ತಿ. ಒಂದು ಡೋಸ್ ಒಗ್ಗದಿದ್ದರೆ ಹಿಂದಿನದಕ್ಕೆ ಇಳಿಸಿ ಮತ್ತೆ ನಿಧಾನಕ್ಕೆ ಏರಿಸುತ್ತಾರೆ.

ಮನೆಯ ಡೋಸ್: ನಿಜವಾದ ಕಷ್ಟ ಇಲ್ಲಿದೆ

ಆಸ್ಪತ್ರೆಯಲ್ಲಿ ನರ್ಸ್ ಇರುತ್ತಾರೆ, ಮನೆಯಲ್ಲಿ ನೀವೇ. ನಿನ್ನೆ ತನಕ ಸರಿಹೋದ ಡೋಸೇ ಇವತ್ತು ರಿಯಾಕ್ಷನ್ ತರಬಹುದು. ಇದಕ್ಕೆ ಕಾರಣ ಹೆಚ್ಚಾಗಿ ಡೋಸ್ ಅಲ್ಲ, ಆ ದಿನದ ನಿಮ್ಮ ದೇಹಸ್ಥಿತಿ. ಜ್ವರ, ಹೊಟ್ಟೆ ಕೆಟ್ಟಿರುವುದು, ನಿದ್ದೆಗೇಡು, ಮುಟ್ಟು, ಮದ್ಯ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಬಿಸಿನೀರ ಸ್ನಾನ, ವ್ಯಾಯಾಮ: ಇವೆಲ್ಲ ತಡೆದುಕೊಳ್ಳುವ ಮಿತಿಯನ್ನು ಥಟ್ಟನೆ ಇಳಿಸುತ್ತವೆ.

ಹಾಗಾಗಿ ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಹೊಟ್ಟೆ ತುಂಬ ಊಟ ಮಾಡಿ, ಆಮೇಲೆ ಡೋಸ್. ಅದಾದ ಮೇಲೆ ಕಡೇಪಕ್ಷ ಎರಡು ಗಂಟೆ ಓಟ, ಜಿಮ್, ಬಿಸಿನೀರ ಸ್ನಾನ ಬೇಡ. ತಿಂದ ತಕ್ಷಣ ಮಲಗಲೂ ಬೇಡಿ, ನಿದ್ದೆಯಲ್ಲಿ ರಿಯಾಕ್ಷನ್ ಶುರುವಾದರೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಾದರೆ ವಾಸಿ. ಸಂಜೆ ಓಡುವ ಅಭ್ಯಾಸ ಇದ್ದವರು ಬೆಳಗಿನ ತಿಂಡಿಯ ನಂತರ ಡೋಸ್ ಇಟ್ಟುಕೊಳ್ಳಬಹುದು. ರಾತ್ರಿ ಪಾಳಿಯವರು ವೈದ್ಯರ ಜೊತೆ ಕೂತು ಹೊತ್ತು ಹೊಂದಿಸಿಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಅಪ್ಪ ಅಮ್ಮ ನೆನಪಿಸುತ್ತಾರೆ. ದೊಡ್ಡವರಿಗೆ ಆಫೀಸು, ಪ್ರಯಾಣ, ಪಾರ್ಟಿ ಎಲ್ಲದರ ನಡುವೆ ಇದನ್ನು ತಾವೇ ನಡೆಸಿಕೊಂಡು ಹೋಗಬೇಕು. ನನಗೆ ಕೇಳಿದರೆ, ಸೇರುವ ಮೊದಲು ಯೋಚಿಸಬೇಕಾದ್ದು ಇದನ್ನೇ.

ಜ್ವರ ಬಂದರೆ ನೀವೇ ತೀರ್ಮಾನ ಮಾಡಬೇಡಿ, ಕ್ಲಿನಿಕ್ಕಿಗೆ ಫೋನ್ ಮಾಡಿ. ಸತತ ಮೂರು ದಿನ ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದರೂ ಅಷ್ಟೇ. ತಪ್ಪಿದ್ದನ್ನು ತುಂಬಿಸಲು ಒಟ್ಟಿಗೆ ಎರಡು ಡೋಸ್ ಮಾತ್ರ ತಿನ್ನಲೇಬಾರದು. ಅಂಗಡಿಯಿಂದ ಕಡಲೆಬೀಜ ತಂದು, ಮನೆಯಲ್ಲೇ ಪುಡಿಮಾಡಿ, ವೈದ್ಯರಿಲ್ಲದೆ ಇದನ್ನು ಶುರುಮಾಡುವುದಂತೂ ಜೀವಕ್ಕೇ ಅಪಾಯ.

ರಿಯಾಕ್ಷನ್ ಬಂದರೆ

ಬಾಯಿ ತುರಿಕೆ, ಸಣ್ಣಗೆ ಹೊಟ್ಟೆನೋವು ಬಹಳ ಜನಕ್ಕೆ ಬರುತ್ತದೆ. ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ. ಉಸಿರು ಕಟ್ಟಿದರೆ, ದನಿ ಬದಲಾದರೆ, ತಲೆ ಸುತ್ತಿದರೆ, ದದ್ದಿನ ಜೊತೆ ವಾಂತಿ ಶುರುವಾದರೆ ಕಾಯಬೇಡಿ. ತೊಡೆಯ ಹೊರಭಾಗದ ನಡುವಿಗೆ ಅಡ್ರಿನಾಲಿನ್ ಚುಚ್ಚಿಕೊಳ್ಳಿ. ಬಟ್ಟೆಯ ಮೇಲಿಂದಲೇ ಆಗುತ್ತದೆ. ಕಾಲು ಎತ್ತರಿಸಿ ಮಲಗಿ, ಉಸಿರಾಟ ಕಷ್ಟವಾದರೆ ಕೂತುಕೊಳ್ಳಿ, ಎದ್ದು ಓಡಾಡಬೇಡಿ. ಆಂಬುಲೆನ್ಸ್ ಕರೆಸಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಎರಡನೆಯದು ಚುಚ್ಚಿ. ಅದಕ್ಕೇ ಯಾವಾಗಲೂ ಎರಡು ಇಂಜೆಕ್ಷನ್ ಜೊತೆಗಿರಬೇಕು. ಅಲರ್ಜಿ ಮಾತ್ರೆ ಇದರ ಜಾಗ ತುಂಬುವುದಿಲ್ಲ.

ಊಟ ಗಂಟಲಲ್ಲಿ ಸಿಕ್ಕಿಕೊಂಡಂತಾಗುವುದು, ದಿನಾ ಹೊಟ್ಟೆನೋವು, ಪದೇಪದೇ ವಾಂತಿ, ಇವನ್ನೂ ಹೇಳಿ. ಈ ಚಿಕಿತ್ಸೆಯಿಂದ ಕೆಲವರಿಗೆ ಅನ್ನನಾಳದಲ್ಲಿ ಉರಿಯೂತ ಶುರುವಾಗುತ್ತದೆ. ಡೋಸ್ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಕೊನೆಯ ಡೋಸ್ ತಲುಪಿದ ಮೇಲೆ

ಲಂಡನ್ ಅಧ್ಯಯನದಲ್ಲಿ ಆ ಡೋಸ್ ದಿನಕ್ಕೆ ಸುಮಾರು ನಾಲ್ಕು ದೊಡ್ಡ ಕಡಲೆಬೀಜದಷ್ಟಿತ್ತು. ಅಲ್ಲಿಗೆ ತಲುಪಿದ ಮೇಲೂ ತಿನ್ನುವುದನ್ನು ಬಿಡುವಂತಿಲ್ಲ. ಬಿಟ್ಟರೆ ಗಳಿಸಿದ ರಕ್ಷಣೆ ಬಹಳ ಜನರಲ್ಲಿ ಕರಗಿಹೋಗುತ್ತದೆ. ಪೊಟ್ಟಣದ ಮೇಲಿನ ಲೇಬಲ್ ಓದುವುದು, ಇಂಜೆಕ್ಷನ್ ಹೊತ್ತೊಯ್ಯುವುದು ಮುಂದುವರಿಯಲೇಬೇಕು.

ದಿನಾ ಡೋಸ್ ತಿನ್ನುವುದು ಆಗದ ಮಾತು ಅನಿಸಿದರೆ ಒಮಾಲಿಜುಮಾಬ್ ಬಗ್ಗೆ ಕೇಳಿ. ತಪ್ಪಿ ತಿಂದಾಗ ಆಗುವ ರಿಯಾಕ್ಷನ್ ತಗ್ಗಿಸಲು ಎಫ್‌ಡಿಎ 2024ರಲ್ಲಿ ಒಪ್ಪಿದ ಇಂಜೆಕ್ಷನ್ ಇದು. ದೊಡ್ಡವರಿಗೂ ಕೊಡುತ್ತಾರೆ, ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ. ಓರಲ್ ಇಮ್ಯುನೊಥೆರಪಿಯನ್ನು ನಡುವೆ ನಿಲ್ಲಿಸುವುದಾದರೂ ವೈದ್ಯರಿಗೆ ಹೇಳಿಯೇ ನಿಲ್ಲಿಸಿ. ಆವತ್ತಿನಿಂದ ನಿಮ್ಮ ಅಲರ್ಜಿ ಮೊದಲಿನಷ್ಟೇ ಇದೆ ಎಂದುಕೊಂಡು, ಆ ಆಹಾರದಿಂದ ಮತ್ತೆ ಪೂರ್ತಿ ದೂರವಿರಿ.